ಅಕ್ಕನ ಅರ್ಧ ಮ್ಯಾಟ್ರಿಕ್ಸ್

೧
ನಡುರಾತ್ರಿ ಎಲ್ಲೋ ಟಿಕ್ ಎಂದಿತು. ಹೀಗೆ ಶುರುಮಾಡಲೇ? ಮಾಡಿದ್ದೆ, ಹೊಡೆದುಹಾಕಿದೆ. ಕಥೆಯೊಳಗಿನ ತಂಗಿ ಒಪ್ಪಲಿಲ್ಲ.

“ರಾತ್ರಿ ಹೊತ್ತು ನಾನ್ಯಾಕ್ರೀ ಆಫೀಸಲ್ಲಿರ್ಲಿ? ಸಂಜೆ ಆದ್ರೆ ಮನೆಗೆ ಹೋಗೋಳು ನಾನು.”

ಸರಿಯಮ್ಮ, ಹಗಲೇ ಇರಲಿ.

೨
ರೈಲಿನ ಬ್ರೇಕುಗಳ ಲೆಕ್ಕ ಮಾಡುವ ಆಫೀಸು. ಬ್ರೇಕನ್ನು ಕಂಪ್ಯೂಟರಿನಲ್ಲಿ ಸಾವಿರಾರು ಚೂರು ಮಾಡಿ, ಒಂದನ್ನು ಸರಿಸಿದರೆ ಇನ್ನೊಂದಕ್ಕೆ ಎಷ್ಟು ಬಲ ತಗಲುತ್ತದೆ ಎಂಬುದನ್ನು ಮ್ಯಾಟ್ರಿಕ್ಸ್ ಎಂಬ ಅಂಕಿಗಳ ಚೌಕದಲ್ಲಿ ತುಂಬಿ ಬಿಡಿಸುವುದು ತಂಗಿಯ ಕೆಲಸ. ಸಾಮಾನ್ಯವಾಗಿ ಇದರಿಂದ ಅದಕ್ಕೆಷ್ಟೋ, ಅದರಿಂದ ಇದಕ್ಕೂ ಅಷ್ಟೇ. ಚೌಕವನ್ನು ಮೂಲೆಯಿಂದ ಮೂಲೆಗೆ ಸೀಳಿದರೆ ಮೇಲಿನ ಅರ್ಧ ಕೆಳಗಿನ ಅರ್ಧದ ಪ್ರತಿಬಿಂಬ. ಒಂದನ್ನು ಇಟ್ಟುಕೊಂಡರೆ ಸಾಕು. ಘರ್ಷಣೆ ಬಂತೋ, ಕನ್ನಡಿ ಒಡೆಯಿತು. ಎರಡೂ ಅರ್ಧ ಬೇಕು, ಜಾಗವೂ ಎರಡರಷ್ಟು. (ಅಕ್ಕತಂಗಿಯರಿಗೆ ಹೋಲಿಸಲು ಕೈ ತುರಿಸುತ್ತಿದೆ. ಬೇಡ.)

೩
ಇದೇ ಆಫೀಸಿನಲ್ಲಿ, ಕಂಪ್ಯೂಟರುಗಳ ಹೊಟ್ಟೆ ಚಿಕ್ಕದಿದ್ದ ಕಾಲದಲ್ಲಿ, ಅವಳ ಸ್ವಂತ ಅಕ್ಕ ಒಂದು ಪ್ರೋಗ್ರಾಂ ಬರೆದಿದ್ದಳು. ಎರಡು ಅರ್ಧಗಳ ಸರಾಸರಿ ತೆಗೆದು, ಒಂದನ್ನೇ ಇಟ್ಟುಕೊಂಡು, ಉಳಿದ ತಪ್ಪನ್ನು ಸುತ್ತು ಸುತ್ತಿಗೂ ತಿದ್ದುತ್ತಾ ಹೋಗುವುದು. ಕಾಲೇಜು ರಜೆಯಲ್ಲಿ ತಂಗಿ ಬಂದು ಪಕ್ಕದ ಸ್ಟೂಲಿನ ಮೇಲೆ ಕೂರುತ್ತಿದ್ದಳು. ತೆರೆಯ ಹಸಿರು ಅಂಕಿಗಳು ಅಕ್ಕನ ಕನ್ನಡಕದಲ್ಲಿ ಹರಿಯುತ್ತಿದ್ದವು.

“ಎಷ್ಟು ನಿಧಾನ ಅಕ್ಕಾ ಇದು!”

“ನಿಧಾನ ಆದ್ರೂ ನಿನ್ನ ಹಾಗೆ ದಾರಿ ತಪ್ಪಲ್ಲ. ಬಾಯ್ಮುಚ್ಕೊಂಡು ನೋಡು.”

೪
ಈಗ ಅಕ್ಕ ನಿವೃತ್ತಳು. ಫೋನಿನಲ್ಲಿ ಊಟವಾಯಿತಾ ಎನ್ನುವುದಕ್ಕೂ ಮೊದಲು ಕೇಳುವುದು ಒಂದೇ: “ನಂದು ಇನ್ನೂ ಓಡ್ತಿದೆಯೇನೇ?”

“ಓಡ್ತಿದೆ ಅಕ್ಕಾ.”

ಸುಳ್ಳು. ಹೊಸ ಪ್ರೋಗ್ರಾಂ ಬಂದು ಅದನ್ನು ಮೂಲೆಗೆ ತಳ್ಳಿ ವರ್ಷಗಳೇ ಆದವು. ಆ ಕಡೆ ಅಕ್ಕ ಒಂದು ಕ್ಷಣ ಸುಮ್ಮನಾದರೂ ತಂಗಿ ತಾನೇ ಊಟದ ಮಾತು ತೆಗೆಯುತ್ತಾಳೆ. ಗೊತ್ತಾಗಿಬಿಟ್ಟಿತೇ?

೫
ಈ ವಾರ ಹೊಸ ಪ್ರೋಗ್ರಾಂ ಕೈಕೊಟ್ಟಿತು. ದೊಡ್ಡ ಬ್ರೇಕು, ವಿಪರೀತ ಘರ್ಷಣೆ. ಮ್ಯಾಟ್ರಿಕ್ಸನ್ನು ಒಂದೇ ಏಟಿಗೆ ಬಿಡಿಸಲು ಕಂಪ್ಯೂಟರಿನಲ್ಲಿ ಜಾಗ ಸಾಲದು. ಸುತ್ತು ಹಾಕುತ್ತಾ ಬಿಡಿಸಹೋದರೆ ಉತ್ತರದ ಹತ್ತಿರವೂ ಸುಳಿಯದು.

“ಶುಕ್ರವಾರ ಕೊಡ್ಬೇಕು ಮೇಡಂ, ಏನ್ ಕಥೆ?” ಎಂದ ಮ್ಯಾನೇಜರ್. (ಕಥೆ ನನ್ನದು ಸ್ವಾಮಿ, ಅವಳನ್ನೇಕೆ ಕೇಳುತ್ತೀರಿ?)

ತಂಗಿ ಹಳೆಯ ಪ್ರೋಗ್ರಾಮನ್ನು ಹುಡುಕಿ ತೆಗೆದಳು. ಅರ್ಧ ಜಾಗದಲ್ಲೇ ಹಿಡಿಯುವ ಅಕ್ಕನ ಅರ್ಧ ಮ್ಯಾಟ್ರಿಕ್ಸನ್ನು ಮೊದಲು ಬಿಡಿಸಿ, ಪ್ರತಿ ಸುತ್ತಿನಲ್ಲೂ ಅದೇ ದಾರಿ ತೋರಿಸುವಂತೆ ಹೊಸದರೊಳಗೆ ಕೂರಿಸಿದಳು. ತಪ್ಪಿನ ಅಂಕಿ ಸರಸರನೆ ಇಳಿಯಿತು. ಕಾಫಿ ಆರುವ ಮೊದಲೇ ಉತ್ತರ. ಪಕ್ಕದಲ್ಲಿ ಸ್ಟೂಲು ಇರಲಿಲ್ಲ. ಇದ್ದಿದ್ದರೆ ತನ್ನ ಕುರ್ಚಿ ಬಿಟ್ಟು ಅಲ್ಲಿಗೇ ಹೋಗಿ ಕೂರುತ್ತಿದ್ದಳು.

೬
ಮುಕ್ತಾಯ ಒಂದು: ತಂಗಿ ಎಲ್ಲರಿಗೂ ಹೇಳುತ್ತಾಳೆ, ಅಕ್ಕನಿಗೆ ಸನ್ಮಾನ, ಚಪ್ಪಾಳೆ. (ಥೂ.)

ಮುಕ್ತಾಯ ಎರಡು: ಅಕ್ಕನಿಗಷ್ಟೇ ಹೇಳುತ್ತಾಳೆ. ಅಕ್ಕ ಕೇಳುತ್ತಾಳೆ: “ಹಾಗಾದ್ರೆ ಇಷ್ಟು ದಿನ ಓಡ್ತಿರ್ಲಿಲ್ವಾ?”

ತಂಗಿ ನನ್ನ ಕೈ ಹಿಡಿದಳು. “ನಾನು ಯಾರಿಗೂ ಹೇಳಲ್ಲ. ನೀವೂ ಬಾಯಿ ಬಿಡ್ಬೇಡಿ.”

“ಓದುಗರಿಗೆ ಆಗ್ಲೇ ಗೊತ್ತಾಯ್ತಲ್ಲಮ್ಮ.”

“ಅವರಿಗೆ ನಮ್ಮಕ್ಕನ ನಂಬರ್ ಕೊಡ್ಬೇಡಿ, ಅಷ್ಟೇ.”

ಫೋನು ಬಂತು.

“ನಂದು ಓಡ್ತಿದೆಯೇನೇ?”

“ಓಡ್ತಿದೆ ಅಕ್ಕಾ.”

ಅದೇ ಮಾತು, ಅದೇ ದನಿ. ಈ ಸಲ ಸುಳ್ಳಲ್ಲ. ಅಕ್ಕ ಒಂದು ಕ್ಷಣ ಸುಮ್ಮನಾದಳು. ಆ ಕ್ಷಣದಲ್ಲಿ ಅವಳಿಗೆ ಏನನ್ನಿಸಿತು ಎಂದು ಬರೆಯಹೊರಟೆ. ತಂಗಿ ಕೈ ಚಾಚಿ ನನ್ನ ಪೆನ್ನಿಗೆ ಕ್ಯಾಪು ಹಾಕಿದಳು.

ಟಿಕ್.