ಬಿಳೀ ರಿವಾಲ್ವರಿನ ಮೂಲ ಬಣ್ಣ

ನಮ್ಮ ಭಾವ ಏಕಾಂತಪ್ಪನವರ ಮನೆಯೊಳಗೆ ಮೊಟ್ಟೆಗೂ ಪ್ರವೇಶವಿಲ್ಲ, ಆದರೆ ರಿವಾಲ್ವರ್ ಇದೆ. ಅವರ ಅಜ್ಜ ಬ್ರಿಟಿಷ್ ದೊರೆಯೊಬ್ಬನ ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದರು. ದೊರೆ ತನ್ನ ಊರಿಗೆ ವಾಪಸು ಹೋಗುವಾಗ ಅದನ್ನು ಅವರ ಕೈಗೆ ಕೊಟ್ಟು ಹೋದನಂತೆ. ಅದರಿಂದ ಈವರೆಗೆ ಸಿಡಿದದ್ದು ಒಂದೇ ಗುಂಡು, ಅದೂ ಮಂಗಗಳನ್ನು ಓಡಿಸಲು. ಮಂಗಗಳು ಕದಲಲಿಲ್ಲ. ಅಜ್ಜನೇ ಹೆದರಿ ಉಳಿದ ಗುಂಡುಗಳನ್ನು ಪೊಲೀಸ್ ಠಾಣೆಗೆ ಒಪ್ಪಿಸಿ ಬಂದರು.

ಗುಂಡಿಲ್ಲದಿದ್ದರೇನು, ಕಥೆ ಇತ್ತಲ್ಲ. ದೊರೆ ಕೊಡುವಾಗ, 'ರೈಟರೇ, ನಿಮ್ಮ ಮನಸ್ಸು ಬಿಳುಪು. ಅದಕ್ಕೇ ನಿಮಗೆ ಈ ಬಿಳೀ ರಿವಾಲ್ವರ್' ಎಂದನಂತೆ. ಈ ಮಾತನ್ನು ಭಾವ ಎಷ್ಟು ಸಲ ಹೇಳಿದ್ದಾರೋ ಆ ಶಿವನೇ ಬಲ್ಲ. ನನ್ನ ಮದುವೆಯಲ್ಲಿ ನಾನು ಮಾಂಗಲ್ಯ ಕಟ್ಟುತ್ತಿದ್ದರೆ, ಇವರು ನನ್ನ ಮಾವನನ್ನು ಕಂಬಕ್ಕೆ ಒತ್ತಿ ನಿಲ್ಲಿಸಿಕೊಂಡು ರಿವಾಲ್ವರ್ ಕಥೆ ಹೇಳುತ್ತಿದ್ದರು. ನಾನು ಕಳಸದಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟವನು, ಕಬ್ಬಿಣದ ಮೇಲೆ ನನಗೆ ಅಂಥ ಭಕ್ತಿ ಇಲ್ಲ. ಆದರೂ ಒಂದು ಮಾತು ಒಪ್ಪಬೇಕು. ಮಳೆಗಾಲದಲ್ಲಿ ಬಾಗಿಲ ಚಿಲಕವೂ ತುಕ್ಕು ಹಿಡಿಯುವ ನಮ್ಮ ಊರಲ್ಲಿ ಆ ರಿವಾಲ್ವರ್ ಮಾತ್ರ ಬೆಳ್ಳಿ ಚೊಂಬಿನ ಹಾಗೆ ಹೊಳೆಯುತ್ತಿತ್ತು.

ತಕರಾರು ಶುರುವಾದದ್ದು ಬೆಳೆಗಾರರ ಸಂಘದ ಹೊಸ ಕಟ್ಟಡದಿಂದ. ಅಲ್ಲಿ ಒಂದು ಗಾಜಿನ ಬೀರು ಮಾಡಿಸಿ, ಈ ಕಣಿವೆಯ ಹಳೆಯ ವಸ್ತುಗಳನ್ನು ಇಡುವುದೆಂದು ತೀರ್ಮಾನವಾಯಿತು. ಭಾವ ಅಂದೇ ರಿವಾಲ್ವರಿಗೆ ನಡುವಿನ ಜಾಗ ಗೊತ್ತು ಮಾಡಿಕೊಂಡು ಬಂದರು. ಸಂಘದ ಅಧ್ಯಕ್ಷ ಓಂಕಾರಪ್ಪನವರು ಸಭೆಯಲ್ಲಿ ಎದ್ದು ನಿಂತು, "ಏಕಾಂತಪ್ಪ, ಬೇಜಾರ್ ಮಾಡ್ಕೋಬೇಡ ಮಾರಾಯ. ಆ ಕಾಲದ ಕೋವಿ, ಪಿಸ್ತೂಲು ನಾನು ನೋಡಿದ್ದೆಲ್ಲ ಕಪ್ಪೇ. ನಿಂದು ಯಾವ್ದೋ ಪಾತ್ರೆ ಅಂಗಡೀಲಿ ಕಲಾಯಿ ಹಾಕ್ಸಿದ್ದು" ಎಂದರು.

ಭಾವನ ಮುಖ ಹಣ್ಣು ಮೆಣಸಿನಕಾಯಿಯಾಯಿತು. "ಪಿಸ್ತೂಲಲ್ಲ, ರಿವಾಲ್ವರ್! ಕಲಾಯಿ ಅಲ್ಲ, ನಿಕಲ್! ಕಾರ್ಖಾನೇಲೇ ಹಾಕಿದ್ದು. ಕಲಾಯಿ ಅಂದ್ರೆ ದೊರೆ ಮಾತು ಸುಳ್ಳು, ನಮ್ಮಜ್ಜ ಸುಳ್ಳು, ನಾನೂ ಸುಳ್ಳು ಅಂತಾಯ್ತಲ್ಲ?"

ಅವರಿಗೆ ಪ್ರಶ್ನೆ ನಿಜಕ್ಕೂ ಅಷ್ಟೇ ದೊಡ್ಡದಾಗಿತ್ತು. ಆವತ್ತಿನಿಂದ ಊಟ ಸೇರಲಿಲ್ಲ. ಕೊನೆಗೆ ಇಬ್ಬರೂ ಒಪ್ಪಿದ್ದು ಗಿರಿಜಾಂಬಾ ಅವರನ್ನು. ವಸ್ತುಸಂಗ್ರಹಾಲಯದಲ್ಲಿ ಹಳೆಯ ಆಯುಧಗಳನ್ನು ಜೋಪಾನ ಮಾಡುವ ಕೆಲಸದಿಂದ ನಿವೃತ್ತರಾಗಿ, ಮೂಡಿಗೆರೆಯ ಮಗಳ ಮನೆಗೆ ಬಂದಿದ್ದವರು. ಅವರು ಹೇಳಿದ್ದೇ ತೀರ್ಪು.

ಗಿರಿಜಾಂಬಾ ಬಂದ ದಿನ ಭಾವ ಪಂಚೆಯ ಮೇಲೆ ಕೋಟು ಹಾಕಿ, ಹಣೆಗೆ ದಪ್ಪನೆ ವಿಭೂತಿ ಹಚ್ಚಿ ಜಗಲಿಯಲ್ಲಿ ಕೂತಿದ್ದರು. ಓಂಕಾರಪ್ಪನವರು ಗೆದ್ದವರ ಮುಖ ಹೊತ್ತೇ ಬಂದಿದ್ದರು. ಗುಂಡಿಲ್ಲವೆಂದು ತಿರುಗಿಸಿ ನೋಡಿ ಖಾತ್ರಿ ಮಾಡಿಕೊಂಡ ಗಿರಿಜಾಂಬಾ, ಬಿಳಿ ಬಟ್ಟೆಯ ಮೇಲೆ ರಿವಾಲ್ವರ್ ಇಟ್ಟು ಭೂತಗನ್ನಡಿ ಹಿಡಿದರು.

"ಕಲಾಯಿ ಅಲ್ಲ" ಎಂದರು ಮೊದಲಿಗೆ.

ಭಾವ ಓಂಕಾರಪ್ಪನವರ ಕಡೆ ನೋಡಿದ ನೋಟವಿದೆಯಲ್ಲ, ಅದಕ್ಕೆ ಲೈಸೆನ್ಸ್ ಬೇಕು.

"ನಿಕಲ್ಲೂ ಅಲ್ಲ" ಎಂದರು ಆಮೇಲೆ. "ನಿಕಲ್ ಆಗಿದ್ರೆ ಅಂಚಲ್ಲಿ ಎಲ್ಲಾದ್ರೂ ಹೊಪ್ಪಳೆ ಎದ್ದಿರ್ಬೇಕಿತ್ತು, ಬಣ್ಣದಲ್ಲಿ ಒಂಚೂರು ಹಳದಿ ಛಾಯೆ ಇರ್ಬೇಕಿತ್ತು. ಇದು ಬರೀ ಉಕ್ಕು. ಮೈಮೇಲೆ ಏನೂ ಇಲ್ಲ. ಕೆತ್ತಿರೋ ಅಕ್ಷರ ನೋಡಿ, ಹಳೇ ನಾಣ್ಯದ ಹಂಗೆ ಸವೆದಿದಾವೆ. ಯಾರೋ ಚೆನ್ನಾಗಿ ತಿಕ್ಕಿದಾರೆ."

"ಯಾರೂ ಮುಟ್ಟಿಲ್ಲ ಮೇಡಂ, ನಮ್ಮನೇಲಿ ಅದು ದೇವ್ರಿದ್ದಂಗೆ" ಎಂದರು ಭಾವ. ಪಾಪ, ಆ ಮಾತೇ ಮುಳುವಾಯಿತು.

ಗಿರಿಜಾಂಬಾ ಒಂದು ಹಲ್ಲುಕಡ್ಡಿಯಿಂದ ಅಕ್ಷರಗಳ ಸಂದಿ ಕೆದಕಿದರು. ಬಿಳಿ ಪುಡಿ ಉದುರಿತು. ಬೆರಳಿಗೆ ಹಚ್ಚಿಕೊಂಡು ನೋಡಿ, "ವಿಭೂತಿ" ಎಂದರು. ಸಣ್ಣ ತಿರುಪುಳಿಯಿಂದ ಮರದ ಹಿಡಿಯ ಸ್ಕ್ರೂ ಬಿಚ್ಚುವಾಗ ಅಂಚಿನಿಂದ ಕಂದು ಎಳೆಯೊಂದು ಹೊರಬಂತು. ಅದನ್ನು ಬೆಳಕಿಗೆ ಹಿಡಿದು, "ಇದು ಯಾವ ಕಾರ್ಖಾನೇದಪ್ಪ?" ಎಂದರು.

ಕಾಫಿ ತಂದ ನಮ್ಮಕ್ಕ ಸಿದ್ದಗಂಗಮ್ಮ ಬಗ್ಗಿ ನೋಡಿ, "ಅಯ್ಯೋ, ಅದು ನಮ್ಮ ಹಿತ್ಲ ತೆಂಗಿನ ನಾರು" ಎಂದಳು.

ಮರದ ಹಿಡಿ ಕಳಚಿ ಬಂತು. ಅದರ ಅಡಿಯ ಉಕ್ಕು ನೇರಳೆ ಹಣ್ಣಿನಂತೆ ನೀಲಿಗಪ್ಪಾಗಿ ಹೊಳೆಯುತ್ತಿತ್ತು. ಅಲ್ಲಿಗೆ ಯಾರ ಕೈಯೂ ಹೋಗಿರಲಿಲ್ಲ. "ಇದೇ ಮೂಲ ಬಣ್ಣ" ಎಂದರು ಗಿರಿಜಾಂಬಾ. "ಕಾರ್ಖಾನೇಲಿ ಉಕ್ಕಿಗೆ ಕೊಡ್ತಿದ್ದ ಮೆರುಗು. ಮೊದ್ಲು ಇಡೀ ರಿವಾಲ್ವರ್ ಹಿಂಗೇ ಇತ್ತು. ಅಮ್ಮಾ, ನೀವು ಇದನ್ನ ಎಂತದ್ರಲ್ಲಿ ತೊಳೀತೀರಿ?"

"ಎಂತದ್ರಲ್ಲಿ ಅಂದ್ರೆ? ದೀಪದ ಕಂಬ ತೊಳೆಯೋದ್ರಲ್ಲೇ. ಹುಣಸೇಹಣ್ಣು, ಒಲೆ ಬೂದಿ. ಆಮೇಲೆ ಕೊಬ್ಬರಿ ಎಣ್ಣೆ. ಆಯುಧಪೂಜೆಗೊಂದ್ಸಲ ತೊಳೀಲೇಬೇಕು. ಎಲೆಕ್ಷನ್ ಬಂದಾಗೆಲ್ಲ ಕೋವಿ ಗೀವಿ ಒಪ್ಪಿಸ್ಬೇಕು ಅಂತ ಠಾಣೇಲಿ ಇಟ್ಟು ತರ್ತಾರಲ್ಲ, ತುಕ್ಕಿನ ಚುಕ್ಕೆ ಹೊತ್ಕೊಂಡು ಬರ್ತದೆ, ಆವಾಗೊಂದ್ಸಲ. ಈ ದೇಶದಲ್ಲಿ ಎಲೆಕ್ಷನ್ನಿಗೇನು ಬರವಾ?"

ಓಂಕಾರಪ್ಪನವರು ತೊಡೆ ತಟ್ಟಿಕೊಂಡು ನಕ್ಕರು. "ನಾನು ಕಪ್ಪು ಅಂದಿದ್ದೆ, ಕಪ್ಪೇ ಆಯ್ತು! ಬಿಳೀ ಮನಸ್ಸಂತೆ, ಬಿಳೀ ರಿವಾಲ್ವರಂತೆ!"

ನಾನೂ ನಗಬೇಕೆಂದಿದ್ದೆ. ಆದರೆ ಭಾವನ ಮುಖ ನೋಡಿ ನಗು ಬರಲಿಲ್ಲ. ಆ ಕಥೆಯನ್ನು ಕೇಳಿ ಕೇಳಿ ಬೈದುಕೊಂಡವನು ನಾನು. ಆವತ್ತು ಮಾತ್ರ ಅದು ನಿಜವಾಗಿದ್ದರೆ ಚೆನ್ನಾಗಿತ್ತು ಅನ್ನಿಸಿತು. ಕೋಟಿನೊಳಗೆ ಭಾವ ಒಮ್ಮೆಲೇ ಸಣ್ಣಗಾಗಿದ್ದರು.

"ಹಾಗಾದ್ರೆ ಅಜ್ಜ ಸುಳ್ಳು ಹೇಳಿದ್ರಾ?" ಎಂದರು ಮೆಲ್ಲಗೆ.

"ಅಜ್ಜ ಯಾಕೆ ಹೇಳ್ತಾರೆ?" ಎಂದಳು ಅಕ್ಕ. "ನಿಮಗೆ ಆ ಕಥೆ ಹೇಳಿದ್ದು ಯಾರು?"

"ಅಮ್ಮ."

"ನನಗೆ ತಿಕ್ಕೋದು ಕಲ್ಸಿದ್ದು ಯಾರು?"

ಅಕ್ಕ ಲೋಟಗಳನ್ನು ಇಟ್ಟು ಹೊಸ್ತಿಲ ಮೇಲೆ ಕೂತಳು. "ಅತ್ತೆ ಈ ಮನೆಗೆ ಸೊಸೆಯಾಗಿ ಬಂದ ಮೊದಲನೇ ಆಯುಧಪೂಜೆಗೆ, ಕಾಗೆ ಹಂಗಿರೋದನ್ನ ದೇವ್ರ ಮುಂದೆ ಹ್ಯಾಗೆ ಇಡೋದು ಅಂತ ಕೂತು ತಿಕ್ಕಿದ್ರಂತೆ. ಮಾವ ಮನೆ ಹಾರಿಹೋಗೋ ಹಂಗೆ ಕೂಗಾಡಿದ್ರಂತೆ. ಆಮೇಲೆ ನೀವು ಹುಟ್ಟಿ ಮಾತು ಬಂದ್ಮೇಲೆ, 'ಎಲ್ಲರ ಮನೆ ಕೋವೀನೂ ಕಪ್ಪು, ನಮ್ಮದ್ಯಾಕಮ್ಮ ಬಿಳಿ' ಅಂತ ಕೇಳಿದ್ರಂತೆ. ಮಾವ ಪಕ್ಕದಲ್ಲೇ ಕೂತಿದ್ರು. ಅತ್ತೆ ಎಂತ ಹೇಳ್ಬೇಕು? ದೊರೆ ಬಾಯಲ್ಲಿ ಒಂದು ಮಾತು ಹಾಕಿದ್ರು."

"ನಿನಗೆ ಇದು ಗೊತ್ತಿತ್ತಾ? ಇಷ್ಟು ವರ್ಷ ಹೇಳ್ಲಿಲ್ವಲ್ಲೇ?"

"ಆ ಕಥೆ ಹೇಳ್ವಾಗ ನಿಮ್ಮ ಮುಖ ಹೊಳೀತಿತ್ತು. ಅದನ್ನ್ಯಾಕೆ ತೊಳೀಲಿ ಅಂತ ಸುಮ್ನಿದ್ದೆ."

ಗಿರಿಜಾಂಬಾ ಹಿಡಿಯನ್ನು ಮತ್ತೆ ಕೂರಿಸುತ್ತ, ಮೂಲ ಮೆರುಗು ಹೋಗಿದೆ ಎಂದು ಬರೆದು ಬೀರುವಿನಲ್ಲಿ ಇಡಬಹುದು ಎಂದರು. ನಕ್ಕು ಸುಸ್ತಾಗಿದ್ದ ಓಂಕಾರಪ್ಪನವರಿಗೂ ಮನಸ್ಸು ಕರಗಿತ್ತು. "ಇರ್ಲಿ ಮಾರಾಯ, ಕೊಡು. ನಡುವಿನ ಜಾಗಾನೇ ಕೊಡ್ತೀನಿ" ಎಂದರು.

ಭಾವ ರಿವಾಲ್ವರನ್ನು ಬಟ್ಟೆಯಲ್ಲಿ ಸುತ್ತಿ ಎದೆಗೆ ಹಿಡಿದುಕೊಂಡರು. "ಬೇಡ. ಗಾಜಿನೊಳಗೆ ಇಟ್ರೆ ಅದನ್ನ ತಿಕ್ಕೋರು ಯಾರು?"

ಈಗ ಮದುವೆಮನೆಗಳಲ್ಲಿ ಅವರು ಹೊಸ ಕಥೆ ಹೇಳುತ್ತಾರೆ. ಅದರಲ್ಲಿ ದೊರೆ ಒಂದು ಸಾಲಿಗೆ ಮುಗಿದು, ಅವರಮ್ಮ ಹುಣಸೆಹಣ್ಣು ಹಿಡಿದು ಬರುತ್ತಾರೆ. ಹಳೆಯದಕ್ಕಿಂತ ಎರಡು ಪಟ್ಟು ಉದ್ದವಿದೆ. ನನ್ನ ಕರ್ಮ.

ಈ ಸಲದ ಆಯುಧಪೂಜೆಗೆ ನಾನು ಹೋದಾಗ, ಭಾವ ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು, ಮೊಣಕೈವರೆಗೆ ಬೂದಿ ಮಾಡಿಕೊಂಡು ತಾವೇ ತಿಕ್ಕುತ್ತಿದ್ದರು. ಕೆಲಸಕ್ಕೆ ಕೈ ಪಳಗಿಲ್ಲ, ಆದರೆ ಬಿಡಲೂ ಒಲ್ಲರು. ಹಿಡಿಯ ಸ್ಕ್ರೂಗೆ ತಿರುಪುಳಿ ಇಟ್ಟದ್ದನ್ನು ಅಕ್ಕ ಅಡುಗೆಮನೆ ಕಿಟಕಿಯಿಂದಲೇ ಕಂಡಳು.

"ರೀ, ಅದನ್ನ ಬಿಚ್ಬೇಡಿ. ಹೊರಗೆಲ್ಲ ಅತ್ತೆ, ನಾನು ತಿಕ್ಕಿ ಮುಗಿಸಿದ್ವಿ. ಅಲ್ಲಾದ್ರೂ ಒಂಚೂರು ನಿಮ್ಮಜ್ಜ ಇರ್ಲಿ."