ಬಿಚ್ಚಿ ಕಟ್ಟಿದ ಪೆಂಡಿ

ಎಲೆ ವ್ಯಾಪಾರಿ ದಾದಾಪೀರಣ್ಣನವರ ಗೂಡ್ಸ್ ಆಟೋ ವಾರವಾರ ಸವಣೂರಿನಿಂದ ಹಿರೇಬೆಂಡಿಗೇರಿಯ ನಮ್ಮ ಮನೆಗೆ ಬರುವ ಮೊದಲೇ ನಾನು ಮಾರಾಟಕ್ಕಿಟ್ಟ ಎಲೆಕಟ್ಟುಗಳಲ್ಲಿ ಒಂದು ಪೆಂಡಿ ಬಿಚ್ಚಿ ನೋಡುತ್ತಿದ್ದೆ. ನನ್ನ ಗಂಡ ಮಾಲತೇಶ ಸ್ನಾನಕ್ಕೆ ಹೋದ ಹೊತ್ತು ಅದಕ್ಕೆ ಸಾಕಾಗುತ್ತಿತ್ತು. ಮೇಲೆ ಅಗಲವಾದ, ನುಣುಪಾದ ವೀಳ್ಯದೆಲೆ, ಒಳಗೂ ಅಂಥವೇ. ಆದರೆ ಒಂದು ಸರಿಯಿದ್ದರೆ ಅದರ ಕೆಳಗಿನ ಪೆಂಡಿಯ ಮೇಲೆ ಅನುಮಾನ ಹುಟ್ಟುತ್ತಿತ್ತು.

ಕಾರಣವಿತ್ತು. ಮೊದಲೆಲ್ಲ ಮಾಲತೇಶ ಹರಿದ, ಹುಳು ತಿಂದ ಎಲೆಗಳನ್ನು ನಡುವೆ ಅಡಗಿಸಿ, ಒಳ್ಳೆಯವನ್ನು ಹೊರಗೆ ಜೋಡಿಸಿ ಕಟ್ಟುತ್ತಿದ್ದರು. ಒಮ್ಮೆ ದಾದಾಪೀರಣ್ಣ ಆ ಮೋಸ ಹಿಡಿದು, ತುಂಬಿದ ಸಂತೆಯಲ್ಲಿ ನಮ್ಮ ಇಡೀ ಬುಟ್ಟಿಯನ್ನು ನೆಲಕ್ಕೆ ಸುರುವಿದರು. ನಾನು ಪಕ್ಕದಲ್ಲೇ ನಿಂತಿದ್ದೆ. ಆಮೇಲೆ ನಾವಿಬ್ಬರೂ ಶಿಗ್ಗಾಂವದ ಕ್ರೈಸ್ತ ಸಭೆಯಲ್ಲಿ ದೀಕ್ಷಾಸ್ನಾನ ಪಡೆದೆವು. ಮರುದಿನ ಮಾಲತೇಶ ಸವಣೂರಿಗೆ ಹೋಗಿ, ಸಿಕ್ಕಿಬೀಳದ ಮೋಸಗಳನ್ನೂ ತಾವಾಗಿಯೇ ಹೇಳಿ ಬಂದರು.

“ಮುಗೀತು ಬಿಡಪಾ, ಇನ್ನ ನಿನ್ನ ಪೆಂಡಿ ನಾ ಬಿಚ್ಚಂಗಿಲ್ಲ” ಅಂದರಂತೆ ದಾದಾಪೀರಣ್ಣ. ಅಂದಿನಿಂದ ಬಿಚ್ಚಿಲ್ಲ.

ವ್ಯಾಪಾರಸ್ಥನೊಬ್ಬ ಇಷ್ಟು ಸುಲಭವಾಗಿ ಮನ್ನಿಸುತ್ತಾನೆಯೇ? ಸೇಡು ತೀರಿಸಲು ದಾದಾಪೀರಣ್ಣ ಯಾವ ದಿನಕ್ಕಾಗಿ ಕಾಯುತ್ತಿದ್ದಾರೆ? ಮಾಲತೇಶ ಬೇರೆ ಪ್ರತಿ ಸಲ, “ಒಂದ ಬಿಚ್ಚಿ ನೋಡ್ರಿ ಸಾಬ್ರ” ಎಂದು ಬೇಡಿಕೊಳ್ಳುವರು. ತಪ್ಪಿಲ್ಲದವರು ಹೀಗೆ ಬೇಡುವುದುಂಟೇ? ಸಭೆಯಲ್ಲಿ, ಮನಸ್ಸು ಶುದ್ಧವಿಲ್ಲದವರು ಮುಟ್ಟಬಾರದೆಂಬ ಕರ್ತನ ಭೋಜನದ ರೊಟ್ಟಿ ಬಂದರೆ ತಾವು ಮುಟ್ಟದೆ ತಟ್ಟೆಯನ್ನು ಪಕ್ಕದವರಿಗೆ ದಾಟಿಸುವರು. ಎಲ್ಲರೂ ಕಣ್ಣು ಮುಚ್ಚಿ ಪ್ರಾರ್ಥಿಸುವಾಗ ನಾನು ಅವರ ಮುಖವನ್ನೇ ನೋಡುತ್ತಿದ್ದೆ.

ಆ ಮಂಗಳವಾರ ದಾದಾಪೀರಣ್ಣ ಆಟೋಗೆ ಮಾಲು ಏರಿಸುತ್ತ, ಒಂದು ಪೆಂಡಿಯನ್ನು ಕೈಯಲ್ಲೇ ಹಿಡಿದು ನಿಂತರು. ಪೆಂಡಿಗೆ ಬಾಳೆನಾರನ್ನು ಹಸಿಯಾಗಿ ಕಟ್ಟುತ್ತಾರೆ; ಒಣಗಿದಾಗ ಗಂಟಿನ ಗುರುತು ಅದರಲ್ಲಿ ಉಳಿಯುತ್ತದೆ. ಈಗ ಗುರುತು ಒಂದು ಕಡೆ, ಗಂಟು ಇನ್ನೊಂದು ಕಡೆ ಇತ್ತು.

“ಮಾಲತೇಶ, ಇದನ್ನ ಎರಡ ಸಲ ಕಟ್ಟ್ಯಾರ.”

ಪೇಟೆಯಲ್ಲಿ ಅದಕ್ಕೆ ಒಂದೇ ಅರ್ಥ: ಒಳಗೆ ಏನೋ ತುರುಕಿದ್ದಾರೆ.

ಮಾಲತೇಶ ನಾರನ್ನು ನೋಡಿದರು. ನನ್ನ ಕಡೆ ತಿರುಗಲಿಲ್ಲ. “ನಾ ಒಂದ ಸಲ ಕಟ್ಟೇನ್ರಿ.”

“ಹಂಗಾರ ಎಲಿ ತಾವ ಬಿಚ್ಚಿಕೊಂಡು ತಾವ ಕಟ್ಟಿಕೊಂಡ್ವೇನು?” ದಾದಾಪೀರಣ್ಣ ನಗಲಿಲ್ಲ.

 ಬಿಚ್ಚಿದ್ದು ನಾನೆಂದು ಮಾಲತೇಶರಿಗೆ ಗೊತ್ತಿತ್ತು, ಬಹುಶಃ ಮೊದಲಿನಿಂದಲೂ. ನನ್ನ ಹೆಸರು ಹೇಳಲು ಮನಸ್ಸಿಲ್ಲ, ಸುಳ್ಳು ಹೇಳಲು ಆಗದು. ನಾನು ಒಳಗೆ ನಡೆದುಬಿಟ್ಟರೆ ಮೋಸ ಅವರ ಹೆಸರಿಗೇ ಉಳಿಯುತ್ತಿತ್ತು. ಯಾರಿಗೂ ಆಶ್ಚರ್ಯವಾಗುತ್ತಿರಲಿಲ್ಲ.

“ನಾ ಬಿಚ್ಚೇನ್ರಿ ಅಣ್ಣಾರ,” ಎಂದೆ. “ವಾರಾ ವಾರಾ ಬಿಚ್ಚಿ ನೋಡ್ತೇನಿ.”

“ಯಾಕವಾ ತಂಗಿ?”

“ಇವರ ಮ್ಯಾಲ ನಂಬಿಕಿ ಇರಲಿಲ್ರಿ.”

“ಏನರ ಸಿಕ್ಕತೇನು?”

“ಒಂದ ಸಲಾನೂ ಇಲ್ರಿ.”

“ಬಿ.ಎ. ಓದಿದಾಕಿ,” ಎಂದು ದಾದಾಪೀರಣ್ಣ ತಲೆಯಾಡಿಸಿದರು. “ಪರೀಕ್ಷಾ ಮುಗದು ರಿಜಲ್ಟ್ ಬಂದ್ರೂ ಇನ್ನೂ ಪೇಪರ್ ತಿದ್ದಾಕತ್ತೀಯಲ್ಲವಾ.”

ಈಗ ಮಾಲತೇಶ ಎಂದಿನಂತೆ, ಬಿಚ್ಚಿ ನೋಡ್ರಿ ಅನ್ನುತ್ತಾರೆಂದು ಕಾದೆ. ಅನ್ನಲಿಲ್ಲ.

“ಎಲಿ ಚೊಲೊ ಅದಾವ. ಒಯ್ರಿ ಸಾಬ್ರ,” ಅಂದರು.

ದಾದಾಪೀರಣ್ಣ ಅವರನ್ನು ಒಂದು ಗಳಿಗೆ ನೋಡಿ, ಪೆಂಡಿಯನ್ನು ಹಾಗೆಯೇ ಬುಟ್ಟಿಗೆ ಹಾಕಿದರು.

ಆಟೋ ಹೋದ ಮೇಲೆ ಬೈಗುಳಕ್ಕಾಗಿ ನಿಂತಿದ್ದೆ. ಮಾಲತೇಶ ಮಿಕ್ಕ ಎಲೆಗಳ ಮುಂದೆ ಕುಳಿತು, ನೀರಲ್ಲಿ ನೆನೆಸಿದ ನಾರು ನನ್ನತ್ತ ಚಾಚಿದರು. “ಇವನ್ನ ನೀ ಕಟ್ಟು.”

ಇದರಲ್ಲೂ ಏನೋ ಇರಬೇಕೆಂದು ಅವರ ಮುಖ ನೋಡಿದೆ. “ಸಿಟ್ಟಿಲ್ಲೇನ್ರಿ?”

“ಇತ್ತು. ದೇವರು ಮನ್ನಿಸ್ಯಾನಂತ ನಾನೂ ಬರೇ ಬಾಯಿಲೆ ಅಂತಿದ್ದೆ, ಮನಸಿನಾಗ ನಂಬಿರಲಿಲ್ಲ. ನಿನಗೇನ ಅನ್ಲಿ?” ಎಂದರು. “ಕಟ್ಟು, ನಾರು ಒಣಗತೈತಿ.”

ಕಟ್ಟಿ ಕೊಟ್ಟೆ. ಅವರು ಅದನ್ನು ತಿರುಗಿಸಿಯೂ ನೋಡದೆ ಬುಟ್ಟಿಯಲ್ಲಿಟ್ಟರು. ಒಮ್ಮೆ ಬಿಚ್ಚಿ ನೋಡ್ರಿ ಎಂಬ ಮಾತು ನನ್ನ ನಾಲಗೆಯ ತುದಿಗೆ ಬಂತು. ನುಂಗಿಕೊಂಡು ಇನ್ನೊಂದು ನಾರು ಎತ್ತಿಕೊಂಡೆ.