ಬೆಡ್‌ಶೀಟಿನ ಆ ಎರಡು ಮೂಲೆ

ನಗುತ್ತಿದ್ದಾಳೆ, ಗಾಜಿನಾಚೆ, ನನಗೆ ಕೇಳಿಸದ ಯಾವುದಕ್ಕೋ, ಇಸ್ತ್ರಿಯ ಹಬೆಗೆ ಗಾಜು ಮಸುಕಾದರೂ ಆ ನಗು ನನಗೆ ಗೊತ್ತು, ಗುಬ್ಬಿಯದು, ಮೂರು ವರ್ಷ ಈ ಲಾಂಡ್ರಿಯಲ್ಲಿ ಹೋಟೆಲಿನ ಬೆಡ್‌ಶೀಟುಗಳನ್ನು ನನ್ನ ಜೊತೆ ಮಡಚಿದವಳು, ನಾನು ಎರಡು ಮೂಲೆ ಹಿಡಿದು ನಿಲ್ಲುವುದು, ಅವಳು ಇನ್ನೆರಡು ಹಿಡಿದು ನಡೆದುಬಂದು ನನ್ನ ಕೈಗೆ ಕೊಡುವುದು, ನಡೆಯುವುದು ಯಾವಾಗಲೂ ಅವಳೇ, ನೀನು ಕಂಬ ಕಣೇ, ನಿಂತ್ಕೋ, ನಾನು ಬರ್ತೀನಿ — ಈಗ ಕೌಂಟರಿನ ಹುಡುಗಿಗೆ ಏನು ಹೇಳುತ್ತಿದ್ದಾಳೆ, ಕಾಲೇಜು ಓದಿ ಬಂದವಳು ಅಂತ ಅವಳಿಗೆ ಕಾಲೇಜು ಅಂತಲೇ ಹೆಸರಿಟ್ಟವರು ನಾವು, ನಾನೂ ಗುಬ್ಬಿಯೂ, ಅವತ್ತು ಬಿದ್ದುಬಿದ್ದು ನಕ್ಕವಳು ಇವತ್ತು ಅದೇ ಕಾಲೇಜಿನ ಹೆಗಲ ಮೇಲೆ ಕೈ ಹಾಕಿದ್ದಾಳೆ. ನಿನ್ನೆ ಸಂಜೆ ನಮ್ಮ ಲಾಂಡ್ರಿಯವರ ವಾಟ್ಸಾಪ್ ಗುಂಪಿನಲ್ಲಿ ಬರೆದಳಲ್ಲ ಗುಬ್ಬಿ, ಗೈಸ್, ಸೋಮವಾರದಿಂದ ಐ ಆಮ್ ಪೀಲಿಂಗ್ ಔಟ್, ಏಳನೇ ಕ್ಲಾಸಿಗೇ ಶಾಲೆ ಬಿಟ್ಟವಳು ನಾನು, ಯಾರನ್ನಾದರೂ ಕೇಳಲು ನಾಚಿಕೆ, ಫೋನಿನ ನಿಘಂಟು ಸಿಪ್ಪೆ ಸುಲಿ ಅಂದಿತು, ಏನೋ ಒಳ್ಳೆಯದೇ ಇರಬೇಕು ಅಂತ ಹೆಬ್ಬೆರಳೆತ್ತಿದ ಗುರುತು ಒತ್ತಿಬಿಟ್ಟೆ, ಎಲ್ಲರಿಗಿಂತ ಮೊದಲು, ಕಾಲೇಜಿಗಿಂತ ಮೊದಲು. ಬೆಳಿಗ್ಗೆ ಕಾಲೇಜೇ ಹೇಳಿದಳು, ನಾನು ಕೇಳದೆಯೇ, ಅಯ್ಯೋ ಗೊತ್ತಾಗ್ಲಿಲ್ವಾ ನಿಂಗೆ, ನಿಮ್ ಮಡಚೋ ಗುಂಪು ಬಿಟ್ಟು ಹೋಗ್ತೀನಿ ಅಂತ, ಕೌಂಟರಿಗೆ ಬರ್ತಾಳೆ, ನನ್ ಜೊತೆ, ಅದೆಲ್ಲ ಯಾವ ಪುಸ್ತಕದಲ್ಲೂ ಇರಲ್ಲ ಬಿಡು, ನಾವು ನಾವೇ ಮಾತಾಡ್ಕೊಳ್ಳೋದು. ನಾವು ನಾವೇ. ಯಾವಾಗ ಆಡಿಕೊಂಡರು ಅಷ್ಟೆಲ್ಲ, ಊಟದ ಹೊತ್ತಿನಲ್ಲಾ, ಜ್ವರ ಬಂದು ನಾನು ಮನೆಯಲ್ಲಿ ಮಲಗಿದ್ದ ಮೂರು ದಿನದಲ್ಲಾ, ಹೋಗ್ತೀನಿ ಕಣೇ ಅನ್ನುವುದಕ್ಕೆ ನಮ್ಮಿಬ್ಬರಲ್ಲಿ ಮಾತಿಗೆ ಬರವಿತ್ತೇ — ಬಂದಳು ಗುಬ್ಬಿ, ಒಳಗೆ, ಇದೊಂದೇ ಉಳಿದಿರೋದು, ಹಿಡಿ ಹಿಡಿ, ಓನರ್ ಮೇಡಂ ಕಾಯ್ತಿದ್ದಾರೆ, ಕೊಡವುತ್ತೇವೆ, ಬಿಳಿ ಬಟ್ಟೆ ನಮ್ಮ ನಡುವೆ ಉಬ್ಬಿ ಇಳಿಯುತ್ತದೆ, ನೀನಾದ್ರೂ ಬೇಡ ಅಂತೀಯ ಅನ್ಕೊಂಡಿದ್ದೆ, ನೀನು ನೋಡಿದ್ರೆ ಎಲ್ರಿಗಿಂತ ಮುಂಚೆ ಹೆಬ್ಬೆರಳು ಎತ್ತಿದೆ, ಅಷ್ಟು ಸಾಕಾಗಿದ್ನಾ ನಾನು ನಿಂಗೆ? ಅರ್ಥ ಆಗಲಿಲ್ಲ ಅಂದರೆ ಸಾಕು, ಎರಡೇ ಮಾತು, ಆದರೆ ಬಾಗಿಲಲ್ಲಿ ಕಾಲೇಜು ನಿಂತಿದ್ದಾಳೆ, ಕಿವಿ ಇಲ್ಲೇ ಇದೆ, ಅವಳ ಮುಂದೆ ದಡ್ಡಿಯಾಗಲಾರೆ, ಅರ್ಥ ಮಾಡ್ಕೊಂಡೇ ಒತ್ತಿದ್ದು ಅನ್ನುತ್ತದೆ ನನ್ನ ಬಾಯಿ, ಅಂದೇಬಿಟ್ಟಿತು, ಗುಬ್ಬಿ ನಡೆದುಬರುತ್ತಾಳೆ, ಮೂಲೆಗಳನ್ನು ಮುಂದೆ ಚಾಚುತ್ತಾಳೆ, ತೆಗೆದುಕೊಂಡರೆ ಮುಗಿಯಿತು, ತೆಗೆದುಕೊಳ್ಳದಿದ್ದರೆ ಅವಳು ಇಲ್ಲೇ ನಿಲ್ಲಬೇಕಲ್ಲ, ಹಿಡ್ಕೊಳ್ಳೇ, ನನ್ನ ಬೆರಳು ಬಿಚ್ಚುತ್ತಿಲ್ಲ, ಅವಳ ಎರಡು ಮುಷ್ಟಿ, ಹಿಡ್ಕೋ, ಬಿಳಿ ಮೂಲೆ ಇಣುಕುವ ಎರಡು ಮುಷ್ಟಿ, ನನ್ನೆದೆಯ ಮುಂದೆ, ಎರಡು ಮುಷ್ಟಿ